ಕಡೇ ಬೆಂಚಿನ ರಟ್ಟು

ಬೆಳಿಗ್ಗೆ ಹನ್ನೊಂದೂಕಾಲಿಗೆ ಇಂಗ್ಲಿಷ್ ಶಿಕ್ಷಕರ ತರಬೇತಿ ನಿಂತಿತು. ಕರೆಂಟು ಹೋಗಿರಲಿಲ್ಲ. ಮೈಕು ಕೆಟ್ಟಿರಲಿಲ್ಲ. ಅತಿಥಿ ಶಿಕ್ಷಕಿಯೊಬ್ಬಳು ಕೊರಳಿಗೆ ರಟ್ಟು ಹಾಕಿಕೊಳ್ಳಲು ಒಪ್ಪಲಿಲ್ಲ.

ಆ ರಟ್ಟನ್ನು ಕತ್ತರಿಸಿ ದಾರ ಪೋಣಿಸಿದವಳೂ ಅವಳೇ.

ಅತಿಥಿ ಎನ್ನುವುದು ಒಂದು ಹುದ್ದೆ. ಶಾಲೆ ತೆರೆದಾಗ ಕರೆಯುತ್ತಾರೆ, ರಜೆ ಬಂದಾಗ ಕಳಿಸುತ್ತಾರೆ. ಮತ್ತೆ ಕರೆಯುವುದು ಬಿಡುವುದು ಹೆಡ್‌ಮೇಡಂ ಇಷ್ಟ. ಮನೆಗೆ ಬಂದ ಅತಿಥಿಗೆ ಯಾರಾದರೂ ಮೊದಲು ಕೂರಲು ಹೇಳುತ್ತಾರೆ. ಇವಳಿಗೆ ಸ್ಟಾಫ್ ರೂಮಿನಲ್ಲಿ ಕುರ್ಚಿ ಇರಲಿಲ್ಲ. ಕಾಯಂ ಶಿಕ್ಷಕರು ಎಷ್ಟಿದ್ದರೋ ಕುರ್ಚಿಗಳೂ ಅಷ್ಟೇ ಇದ್ದವು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಚಹಾದ ಕಪ್‌ಗಳೂ ಅಷ್ಟೇ. ಬಿಡುವಿನ ಪೀರಿಯಡ್ಡಿನಲ್ಲಿ ಅವಳು ಆಟದ ಸಾಮಾನು ಇಡುವ ಕೋಣೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಲ್ಲಿಯೇ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಅಲ್ಲಿಯೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಳು. ಯಾರೂ ಅವಳನ್ನು ಹೊರಗೆ ಹಾಕಿರಲಿಲ್ಲ. ಯಾರೂ ಒಳಗೆ ಕರೆದಿರಲಿಲ್ಲ.

ಅವಳದು ಹತ್ತನೇ ತರಗತಿ ಬಿ ವಿಭಾಗ. ಎ ವಿಭಾಗ ಕಟ್ಟಡದೊಳಗೆ ಫ್ಯಾನಿನ ಕೆಳಗೆ ನಡೆಯುತ್ತಿತ್ತು. ಬಿ ವಿಭಾಗ ಸೈಕಲ್ ಸ್ಟ್ಯಾಂಡಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ಮನೆಗೆಲಸದವರ, ಹಮಾಲರ, ಕಸ ಎತ್ತುವವರ ಮಕ್ಕಳೆಲ್ಲ ಬಿ ವಿಭಾಗಕ್ಕೇ ಬಂದು ಬೀಳುತ್ತಿದ್ದರು. ಹಾಗೆಂದು ನಿಯಮವೇನೂ ಇರಲಿಲ್ಲ. ಪ್ರತಿ ವರ್ಷ ಹಾಗೇ ಆಗುತ್ತಿತ್ತು.

ಮಧ್ಯಾಹ್ನಕ್ಕೆ ತಗಡು ಕಾಯುತ್ತಿತ್ತು. ಪಕ್ಕದ ಗರಾಜಿನಲ್ಲಿ ಸುತ್ತಿಗೆ ಬಡಿಯುತ್ತಿತ್ತು. ಕಡೇ ಸಾಲಿಗೆ ಕೇಳಿಸಬೇಕೆಂದರೆ ಅವಳು ಕೂಗಬೇಕು. ಸಂಜೆಗೆ ಗಂಟಲಲ್ಲಿ ರಕ್ತದ ರುಚಿ ಬರುತ್ತಿತ್ತು. ಕಾಲಿನ ನರಗಳು ಗಂಟುಗಟ್ಟಿದ್ದವು. ಸೀಮೆಸುಣ್ಣದ ಪುಡಿ ಉಗುರಿನ ಸಂದಿನಿಂದ ಹೋಗುತ್ತಿರಲಿಲ್ಲ.

ಬೆಂಚುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಗುಂಪು ಮಾಡಿ ಕೂರಿಸಲು ಜಾಗವಿಲ್ಲ. ಹಾಗಾಗಿ ಅವಳು ಓಟದ ಪಾಠ ಶುರುಮಾಡಿದಳು. ಶೆಡ್ಡಿನ ಹೊರಗೋಡೆಗೆ ಒಂದು ಇಂಗ್ಲಿಷ್ ಪ್ಯಾರಾ ಅಂಟಿಸುವುದು. ಜೋಡಿಯಲ್ಲಿ ಒಬ್ಬಳು ಓಡಿಹೋಗಿ ಒಂದು ಸಾಲು ಓದಬೇಕು, ಬಾಯಿಪಾಠ ಮಾಡಿಕೊಂಡು ಓಡಿಬಂದು ಒಳಗಿರುವವಳಿಗೆ ಹೇಳಬೇಕು. ಒಳಗಿರುವವಳು ಬರೆಯಬೇಕು. ವರ್ಷವಿಡೀ ತುಟಿ ಬಿಚ್ಚದ ಹುಡುಗಿಯರು ಏದುಸಿರು ಬಿಡುತ್ತ ಇಂಗ್ಲಿಷ್ ಕೂಗಿದರು. ಏದುಸಿರು ಬಿಡುವವರಿಗೆ ನಾಚಲು ಪುರುಸೊತ್ತಿರುವುದಿಲ್ಲ.

ಹೆಡ್‌ಮೇಡಂ ಕಿಟಕಿಯಿಂದ ಕೇಳಿದರು. "ಇದೇನು ಸ್ಕೂಲೋ, ಸಂತೆಯೋ?"

ಓಟದ ಪಾಠ ನಿಂತಿತು. ಅದೇ ಪಾಠವನ್ನು ಮುಂದಿನ ತರಬೇತಿಯಲ್ಲಿ ಪರದೆಯ ಮೇಲೆ ತೋರಿಸಿದರು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಆಮೇಲೆ ಎ ವಿಭಾಗದವರು ಕಾರಿಡಾರಿನಲ್ಲಿ ಓಡಿದರು. ಯಾರೂ ಸಂತೆ ಎನ್ನಲಿಲ್ಲ.

ಈ ತರಬೇತಿ ವರ್ಷಕ್ಕೊಮ್ಮೆ. ಊರಿನ ಎಲ್ಲ ಶಾಲೆಗಳ ಇಂಗ್ಲಿಷ್ ಶಿಕ್ಷಕರು ತರಬೇತಿ ಕೇಂದ್ರದ ಸಭಾಂಗಣದಲ್ಲಿ ಸೇರಬೇಕು. ಪಾಠ ಮಾಡುವ ಹೊಸ ದಾರಿಗಳನ್ನು ಹೇಳಿಕೊಡುವವರಿಗೆ ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ. ಇವರು ತೆಳ್ಳಗಿನ, ನಗುಮುಖದ, ಎಂದೂ ದನಿ ಏರಿಸದ ಮನುಷ್ಯ. ಅವರು ಮಾದರಿ ಪಾಠ ಮಾಡಿ ತೋರಿಸುತ್ತಿದ್ದರು. ಅಲ್ಲಿ ಮಕ್ಕಳಿರುವುದಿಲ್ಲವಾದ್ದರಿಂದ ಶಿಕ್ಷಕರೇ ಮಕ್ಕಳಾಗಬೇಕಿತ್ತು. ಯಾರು ಯಾವ ಮಗು ಎಂದು ತಿಳಿಯಲು ಕೊರಳಿಗೊಂದು ರಟ್ಟು. ಜಾಣೆ. ತುಂಟ. ಮಾತಿನಮಲ್ಲಿ. ಸಂಕೋಚದವಳು. ಕಡೇ ಬೆಂಚು.

ಕಡೇ ಬೆಂಚಿನ ರಟ್ಟು ಹಾಕಿಕೊಂಡವರು ತಪ್ಪು ಇಂಗ್ಲಿಷ್ ಹೇಳಬೇಕು. ತಿದ್ದಿದರೆ ಮತ್ತೆ ತಪ್ಪಬೇಕು. ಕೆಳಗೆ ನೋಡಬೇಕು, ಉಗುರು ಕಚ್ಚಬೇಕು. ಮಗುವಿಗೆ ನೋವಾಗದಂತೆ ತಪ್ಪು ತಿದ್ದುವುದು ಹೇಗೆ ಎಂದು ಸಂಪನ್ಮೂಲ ವ್ಯಕ್ತಿ ಆಗ ತೋರಿಸುತ್ತಾರೆ.

ಅವಳು ತರಬೇತಿಗೆ ಬಂದ ಪ್ರತಿ ವರ್ಷವೂ ಆ ರಟ್ಟು ಅವಳಿಗೇ ಬಂತು.

ಅದಕ್ಕೆ ಕಾರಣ ಯಾರೂ ಹೇಳಲಿಲ್ಲ. ಅವಳ ಅಮ್ಮ ಅದೇ ತರಬೇತಿ ಕೇಂದ್ರದ ಕಸಗುಡಿಸುವವಳು. ಸಭಾಂಗಣ ಒರೆಸುವುದು, ಪಾಯಿಖಾನೆ ತೊಳೆಯುವುದು, ಊಟದ ನಂತರ ಎಂಜಲು ತಟ್ಟೆ ಎತ್ತುವುದು ಅವಳ ಕೆಲಸ. ಮಗಳು ಮೊದಲ ಸಲ ತರಬೇತಿಗೆ ಹೊರಟಾಗಲೇ ಅಮ್ಮ ಹೇಳಿದ್ದಳು: "ಒಳಗಡೆ ನನ್ನ ಮಾತಾಡಿಸ್ಬೇಡ. ನೀನ್ಯಾರೋ, ನಾನ್ಯಾರೋ." ಇಬ್ಬರೂ ಹಾಗೆಯೇ ನಡೆದುಕೊಂಡರು. ಆದರೂ ಎಲ್ಲರಿಗೂ ಗೊತ್ತಿತ್ತು. ಇಬ್ಬರ ಮೂಗೂ ಒಂದೇ.

ಹೋದ ವರ್ಷ ಮಾದರಿ ಪಾಠವನ್ನು ವೀಡಿಯೋ ಮಾಡಿದರು. ಅವಳು ಹೇಳಿದ್ದನ್ನು ಹೇಳಿದಂತೆ ಮಾಡಿದಳು. ತಪ್ಪು ಹೇಳಿದಳು. ಉಗುರು ಕಚ್ಚಿದಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಸಂಪನ್ಮೂಲ ವ್ಯಕ್ತಿ ಅವಳ ಬೆನ್ನು ತಟ್ಟಿ, "ವೆರಿ ನ್ಯಾಚುರಲ್!" ಎಂದರು.

ವಾರ ಕಳೆಯುವಷ್ಟರಲ್ಲಿ ಆ ವೀಡಿಯೋದ ಒಂದು ತುಂಡು ಫೋನುಗಳಲ್ಲಿ ಓಡಾಡಿತು. ರಟ್ಟು ಕಾಣುವ, ಪಾತ್ರ ಹಂಚುವ ಭಾಗ ಅದರಲ್ಲಿ ಇರಲಿಲ್ಲ. ಇದ್ದದ್ದು ಅವಳ ಮುಖ, ತಪ್ಪು ಇಂಗ್ಲಿಷ್, ಸುತ್ತ ನಗು. ಕೆಳಗೆ ಯಾರೋ ಬರೆದಿದ್ದರು: ಇವರು ನಮ್ಮ ಇಂಗ್ಲಿಷ್ ಟೀಚರ್. ಅದನ್ನು ಕತ್ತರಿಸಿದವರು ಯಾರೆಂದು ತಿಳಿದಿಲ್ಲ. ಯಾರೂ ವಿಚಾರಿಸಲಿಲ್ಲ.

ಬಿ ವಿಭಾಗದಲ್ಲಿ ಎರಡನೇ ಸಾಲಿನ ಹುಡುಗಿ ಎದ್ದು ನಿಂತಳು. ಓಟದ ಪಾಠದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು.

"ಮಿಸ್, ನಿಮಗೂ ಬರಲ್ವಾ?"

ಹುಡುಗಿಯ ಮಾತಿನಲ್ಲಿ ಕುಹಕವಿರಲಿಲ್ಲ. ತನಗೊಬ್ಬಳು ಜೊತೆ ಸಿಕ್ಕಿದಂತೆ ಮೆಲ್ಲಗೆ ಕೇಳಿದ್ದಳು. ಶಿಕ್ಷಕಿಗೆ ಅದೇ ಹೆಚ್ಚು ಚುಚ್ಚಿತು.

"ಅದು ಆಟ ಕಣೇ. ಹಾಗೆ ಹೇಳು ಅಂದ್ರು, ಹೇಳಿದೆ."

"ಟೀಚರ್‌ಗಳೂ ಆಟ ಆಡ್ತಾರಾ ಮಿಸ್?"

ಮಕ್ಕಳು ನಂಬಿದರು. ಅಪ್ಪ ಅಮ್ಮಂದಿರು ನಂಬಲಿಲ್ಲ. ಒಂದು ದಿನ ಕೂಲಿ ಬಿಟ್ಟು ಏಳೆಂಟು ಜನ ಹೆಡ್‌ಮೇಡಂ ಕೋಣೆಯ ಮುಂದೆ ಬಂದು ನಿಂತರು. ಮುಂದೆ ನಿಂತ ಹಮಾಲನ ಹೆಗಲ ಮೇಲೆ ಮೂಟೆಯ ಗುರುತಿತ್ತು. ಮಾತಾಡಿದವನು ಅವನೇ.

"ನಮ್ ಮಕ್ಳಿಗೂ ಇಂಗ್ಲಿಷ್ ಬರೋರನ್ನ ಹಾಕಿ ಮೇಡಂ. ಬಿ ಸೆಕ್ಷನ್ ಅಂದ್ರೆ ಏನು ಸುರಿದ್ರೂ ತಿಂತಾವೆ ಅನ್ಕೊಂಡಿದ್ದೀರಾ?"

ಅವನ ಸಿಟ್ಟು ಸರಿಯಾಗಿತ್ತು. ಬಿದ್ದದ್ದು ಅವಳ ಮೇಲೆ. ಅವಳು ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ಆ ಜನರ ಬೀದಿಯಲ್ಲೇ ಅವಳ ಮನೆ. ಅಂದಿನಿಂದ ಬೀದಿಯ ನಲ್ಲಿಯ ಹತ್ತಿರವೂ ಯಾರೂ ಅವಳನ್ನು ಟೀಚರ್ ಎಂದು ಕರೆಯಲಿಲ್ಲ.

ಅದೇ ಶಾಲೆಯಲ್ಲಿ ಎ ವಿಭಾಗಕ್ಕೆ ಇಂಗ್ಲಿಷ್ ಕಲಿಸುವ ಹಿರಿಯ ಶಿಕ್ಷಕಿಯೊಬ್ಬರಿದ್ದರು. ಸದಾ ಒಂದು ದಪ್ಪ ನಿಘಂಟು ಹಿಡಿದು ಓಡಾಡುವುದರಿಂದ ಮಕ್ಕಳು ಅವರಿಗೆ ಡಿಕ್ಷನರಿ ಮೇಡಂ ಎನ್ನುತ್ತಿದ್ದರು. ಆ ತರಬೇತಿಯಲ್ಲಿ ಅವರೂ ಇದ್ದರು. ಅವರ ರಟ್ಟು ಜಾಣೆ. ಹೆಡ್‌ಮೇಡಂ ಅವರನ್ನೇ ಕರೆದು ಕೇಳಿದರು, ಅದು ನಿಜವಾಗಿಯೂ ಆಟವೇ ಎಂದು.

"ಆಟವೇ ಮೇಡಂ," ಎಂದರು ಡಿಕ್ಷನರಿ ಮೇಡಂ. "ಆದ್ರೆ ತುಂಬಾ ಸಹಜವಾಗಿತ್ತು."

ಹತ್ತನೇ ತರಗತಿ ಅವಳ ಕೈ ತಪ್ಪಿತು. ಚಿತ್ರಕಲೆಯ ಮೇಷ್ಟ್ರು ಬಿ ವಿಭಾಗದ ಇಂಗ್ಲಿಷ್ ನೋಡಿಕೊಂಡರು. ಅವಳಿಗೆ ಸಣ್ಣ ತರಗತಿಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ, ಚಾರ್ಟು ಅಂಟಿಸುವ ಕೆಲಸ, ರಜೆ ಹಾಕಿದವರ ಪೀರಿಯಡ್ಡು. ಶೆಡ್ಡಿನ ಕಡೆ ಹೋಗುವ ಕಾರಣವೇ ಇಲ್ಲದಂತಾಯಿತು. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತರೆ ಶೆಡ್ಡು ಕಾಣುತ್ತಿತ್ತು. ಸದ್ದು ಬರುತ್ತಿರಲಿಲ್ಲ. ಮಕ್ಕಳು ಬೋರ್ಡು ನೋಡಿ ನಕಲು ಮಾಡುತ್ತಿದ್ದರು.

ಈ ವರ್ಷದ ತರಬೇತಿಗೆ ಮುಂಚೆ ಹೆಡ್‌ಮೇಡಂ ಕರೆದರು. ಕೂರಲು ಹೇಳಲಿಲ್ಲ.

"ನೋಡಮ್ಮಾ, ಆದದ್ದು ಆಯ್ತು. ಈ ಸಲ ಬಾಯಿ ಮುಚ್ಕೊಂಡು ಅವರು ಹೇಳಿದ್ದು ಮಾಡ್ಕೊಂಡು ಬಾ. ಚೆನ್ನಾಗಿ ಭಾಗವಹಿಸಿದ್ಲು ಅಂತ ಅವರೊಂದು ಮಾತು ಹೇಳಿದ್ರೆ ಹತ್ತನೇ ಕ್ಲಾಸು ನಿನಗೇ ವಾಪಸ್ ಕೊಡ್ತೀನಿ."

"ನಿಜವಾಗ್ಲೂ ಕೊಡ್ತೀರಾ ಮೇಡಂ?"

"ಡ್ರಾಯಿಂಗ್ ಮೇಷ್ಟ್ರು ನನ್ನ ಬಿಡಿಸಿ ಅಂತ ದಿನಾ ಬಂದು ಕೈ ಮುಗೀತಾರೆ. ಕೊಡದೆ ಏನ್ ಮಾಡ್ಲಿ?"

ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ತರಬೇತಿಯ ದಿನ ಅತಿಥಿ ಶಿಕ್ಷಕರು ಬೇಗ ಬಂದು ಸಭಾಂಗಣ ಸಿದ್ಧಮಾಡಬೇಕು. ಹೆಸರಿಗೆ ಎಲ್ಲ ಅತಿಥಿಗಳು. ಬಂದದ್ದು ಅವಳು ಮಾತ್ರ. ಕುರ್ಚಿ ಎಳೆದು ಸಾಲು ಮಾಡಿದಳು. ಮೇಜು ಒಬ್ಬಳೇ ನೂಕಿದಳು. ನೀರಿನ ಕ್ಯಾನು ಸೊಂಟಕ್ಕೆ ಒರಗಿಸಿಕೊಂಡು ತಂದಿಟ್ಟಳು. ನೆಲದ ಮೇಲೆ ಕೂತು ರಟ್ಟು ಕತ್ತರಿಸಿದಳು. ಕತ್ತರಿ ಮೊಂಡಾಗಿತ್ತು, ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತು. ಪ್ರತಿ ರಟ್ಟಿಗೂ ಎರಡು ತೂತು. ತೂತಿಗೆ ದಾರ. ದಪ್ಪ ಅಕ್ಷರದಲ್ಲಿ ಬರೆಯುತ್ತ ಬಂದಳು: ಜಾಣೆ, ತುಂಟ, ಮಾತಿನಮಲ್ಲಿ. ಕಡೇ ಬೆಂಚು ಎಂದು ಬರೆಯುವಾಗ ಕೈ ನಿಲ್ಲಲಿಲ್ಲ. ಅಭ್ಯಾಸವಾಗಿತ್ತು.

ಅಮ್ಮ ಒರೆಸುತ್ತ ಅವಳ ಹತ್ತಿರ ಬಂದಳು. ರಟ್ಟಿನ ಚೂರುಗಳನ್ನು ಪೊರಕೆಯಿಂದ ಎಳೆದುಕೊಂಡಳು. ಸಭಾಂಗಣದಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಇಬ್ಬರೂ ಮಾತಾಡಲಿಲ್ಲ. ಅಮ್ಮ ಅವಳ ಬೊಬ್ಬೆ ನೋಡಿದಳು, ಬಕೆಟ್ಟು ಎತ್ತಿಕೊಂಡು ಮುಂದೆ ಹೋದಳು.

ಹನ್ನೊಂದಕ್ಕೆ ಮಾದರಿ ಪಾಠ ಶುರುವಾಯಿತು. ಕ್ಯಾಮೆರಾದವನು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದ. ಸಂಪನ್ಮೂಲ ವ್ಯಕ್ತಿ ರಟ್ಟುಗಳನ್ನು ಹಂಚಿದರು. ಡಿಕ್ಷನರಿ ಮೇಡಂಗೆ ಎಂದಿನಂತೆ ಜಾಣೆ. ಕೊನೆಯಲ್ಲಿ ಒಂದು ಉಳಿಯಿತು. ಅವರು ಅದನ್ನು ದಾರದಲ್ಲಿ ಹಿಡಿದು ತೂಗಾಡಿಸಿದರು.

"ಬಾರಮ್ಮಾ. ನಿಂದು ಗೊತ್ತಲ್ಲ, ಯಥಾಪ್ರಕಾರ."

ಸಭಾಂಗಣ ನಗಲು ತಯಾರಾಯಿತು. ಅವಳು ಎದ್ದು ಮುಂದೆ ಹೋದಳು. ಕೈ ಚಾಚಿದಳು. ಅವರು ಕೈಗೆ ಕೊಡಲಿಲ್ಲ. ತಾವೇ ಕೊರಳಿಗೆ ಹಾಕಲು ದಾರ ಅಗಲಿಸಿದರು. ಅವಳು ತಲೆ ಬಗ್ಗಿಸಬೇಕಾಯಿತು. ಬಗ್ಗಿಸಿದಳು. ಅರ್ಧಕ್ಕೆ ನಿಲ್ಲಿಸಿದಳು.

"ಬೇಡ ಸಾರ್."

"ಏನು ಬೇಡ?"

"ಇದು ಬೇಡ. ಬೇರೆಯವರಿಗೆ ಕೊಡಿ."

"ಅಯ್ಯೋ, ಇದು ಆಟ ಅಲ್ವಾ? ಆಟನ ಮನಸ್ಸಿಗೆ ತಗೋಬಾರ್ದು."

"ಆಟ ತಾನೇ ಸಾರ್. ಯಾರು ಬೇಕಾದ್ರೂ ಆಡಬಹುದು."

ಅವರು ನಗುತ್ತಲೇ ಸಭಾಂಗಣದ ಕಡೆ ತಿರುಗಿದರು. "ಸರಿ, ಯಾರು ಬರ್ತೀರಿ? ಒಬ್ರು ಬನ್ನಿ."

ಯಾರೂ ಬರಲಿಲ್ಲ. ಒಬ್ಬರು ಬಗ್ಗಿ ಚಪ್ಪಲಿ ಸರಿಮಾಡಿಕೊಂಡರು. ಒಬ್ಬರು ಫ್ಯಾನು ನೋಡಿದರು. ಹಿಂದಿನ ಸಾಲಿನಿಂದ ಒಬ್ಬ ಮೇಷ್ಟ್ರು ಕೂಗಿದರು: "ಸಾರ್, ನಮಗೆ ಎಷ್ಟು ಕಷ್ಟಪಟ್ರೂ ತಪ್ಪೇ ಬರಲ್ಲ ಸಾರ್!"

ನಗು ಎದ್ದಿತು. ಅವಳು ನಗು ನಿಲ್ಲುವವರೆಗೆ ಕಾದಳು. ಆಮೇಲೆ ಸಂಪನ್ಮೂಲ ವ್ಯಕ್ತಿಯ ಕೈಯಿಂದ ರಟ್ಟು ತೆಗೆದುಕೊಂಡು ಆ ಮೇಷ್ಟ್ರ ಹತ್ತಿರ ನಡೆದಳು.

"ತಪ್ಪನ್ನ ನಾನು ಹೇಳಿಕೊಡ್ತೀನಿ ಸಾರ್. ನೀವು ಹಾಕ್ಕೊಳ್ಳಿ."

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಪಕ್ಕದವರಿಗೆ ಚಾಚಿದಳು. ಅವರೂ ಎಳೆದುಕೊಂಡರು. ಸಾಲಿನಿಂದ ಸಾಲಿಗೆ ಹೋದಳು. ರಟ್ಟು ಹತ್ತಿರ ಬಂದಂತೆ ಜನ ಕುರ್ಚಿಗೆ ಅಂಟಿಕೊಂಡರು. ಪಾಯಿಖಾನೆ ತೊಳೆದ ಬಕೆಟ್ಟು ಹಿಡಿದು ಅಮ್ಮ ಕಾರಿಡಾರಿನಲ್ಲಿ ಬಂದಾಗಲೂ ಜನ ಹೀಗೇ ಸರಿಯುತ್ತಾರೆ. ಅವಳು ಅದನ್ನು ಚಿಕ್ಕಂದಿನಿಂದ ನೋಡಿದ್ದಳು.

ಮೊದಲ ಸಾಲಿಗೆ ಬಂದಳು.

"ಮೇಡಂ, ನೀವು."

"ನಾನಾ?" ಡಿಕ್ಷನರಿ ಮೇಡಂ ತಮ್ಮ ಕೊರಳಿನ ರಟ್ಟು ಮುಟ್ಟಿಕೊಂಡರು. "ನನ್ನ ಸರ್ವಿಸ್ ಎಷ್ಟು ಅಂತ ಗೊತ್ತಾ ನಿನಗೆ?"

"ಆಟ ಅಂದ್ರಲ್ಲ ಮೇಡಂ. ಆಟಕ್ಕೆ ಸರ್ವಿಸ್ ಯಾಕೆ?"

"ವೀಡಿಯೋ ಮಾಡ್ತಿದ್ದಾರೆ ಕಣಮ್ಮಾ!" ಡಿಕ್ಷನರಿ ಮೇಡಂ ಪಿಸುಗುಟ್ಟಿದರು. "ನನ್ನ ಮಕ್ಕಳು ನೋಡ್ತಾರೆ."

"ನನ್ನ ಮಕ್ಕಳೂ ನೋಡಿದ್ರು."

ಪಿಸುಮಾತಿಗೆ ಅವಳು ಶೆಡ್ಡಿನ ಗಂಟಲಲ್ಲಿ ಉತ್ತರ ಕೊಟ್ಟಿದ್ದಳು. ಕಡೇ ಸಾಲಿಗೂ ಕೇಳಿಸಿತು.

"ಹೋದ ವರ್ಷ ನಾನು ಆಡಿದ್ದು ಆಟ ಅಂತ ಇಲ್ಲಿರೋ ಎಲ್ಲರಿಗೂ ಗೊತ್ತಿತ್ತು. ನೀವೆಲ್ಲ ಇಲ್ಲೇ ಕೂತಿದ್ರಿ. ನನ್ನ ಕ್ಲಾಸು ಕಿತ್ಕೊಂಡಾಗ ಒಬ್ರು, ಒಬ್ಬರಾದ್ರೂ, ಅದು ಬರೀ ಆಟ ಅಂತ ಹೇಳಿದ್ರಾ?"

ಕ್ಯಾಮೆರಾದವನು ಕ್ಯಾಮೆರಾ ಆರಿಸಿದ. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಖಾಲಿ ಬಕೆಟ್ಟು. ಮಗಳು ಅವಳನ್ನು ನೋಡಿದಳು. ಅಮ್ಮ ನೆಲ ನೋಡಿದಳು.

ಅವಳು ರಟ್ಟನ್ನು ಸಂಪನ್ಮೂಲ ವ್ಯಕ್ತಿಯ ಮುಂದಿನ ಮೇಜಿನ ಮೇಲೆ ಇಟ್ಟಳು. "ನಾನಿನ್ನು ಹಾಕ್ಕೊಳ್ಳಲ್ಲ. ನೋವಾಗದ ಹಾಗೆ ತಿದ್ದೋದು ತೋರಿಸ್ತೀರಲ್ಲ ಸಾರ್, ಒಂದು ಸಲಾನೂ ನನಗೆ ನೋವಾಗದೆ ಇರ್ಲಿಲ್ಲ."

ಅವರು ಗಡಿಯಾರ ನೋಡಿದರು. "ಟೀ ಬ್ರೇಕ್," ಎಂದರು. ಹನ್ನೊಂದೂಕಾಲು ಆಗಿತ್ತು.

ಚಹಾ ಆದ ಮೇಲೆ ಮಾದರಿ ಪಾಠ ಮುಂದುವರಿಯಿತು. ಕಡೇ ಬೆಂಚಿನ ರಟ್ಟನ್ನು ಒಂದು ಖಾಲಿ ಕುರ್ಚಿಗೆ ನೇತುಹಾಕಿದರು. ಸಂಪನ್ಮೂಲ ವ್ಯಕ್ತಿ ಕುರ್ಚಿಯನ್ನು ಪ್ರಶ್ನೆ ಕೇಳಿದರು, ಕುರ್ಚಿಯ ಪರವಾಗಿ ತಾವೇ ತಪ್ಪು ಉತ್ತರ ಹೇಳಿದರು, ತಾವೇ ತಿದ್ದಿದರು. ಕೆಲವರು ಟಿಪ್ಪಣಿ ಮಾಡಿಕೊಂಡರು.

ಅವಳು ಎದ್ದು ಹೋಗಲಿಲ್ಲ. ಹಾಜರಾತಿ ಸಂಜೆಯವರೆಗೆ. ಊಟಕ್ಕೆ ಸಾಲಿನಲ್ಲಿ ನಿಂತಾಗ ಅವಳ ಹಿಂದೆ ಒಂದು ಮಾರು ಜಾಗ ಬಿಟ್ಟು ನಿಂತರು. ತಟ್ಟೆ ಹಿಡಿದು ಉದ್ದನೆಯ ಮೇಜಿನ ತುದಿಗೆ ಕೂತಳು. ಅಲ್ಲಿ ಕೂತಿದ್ದ ಇಬ್ಬರಿಗೆ ಅದೇ ಹೊತ್ತಿಗೆ ಊಟ ಸಾಕಾಯಿತು. ಇನ್ನೊಂದು ಶಾಲೆಯ ಅತಿಥಿ ಶಿಕ್ಷಕಿಯೊಬ್ಬಳು ಕೈತೊಳೆಯುವ ಜಾಗದಲ್ಲಿ ಕನ್ನಡಿಯೊಳಗಿಂದ ಅವಳನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಯಾರೋ ಬಂದರು. ನಲ್ಲಿ ನಿಲ್ಲಿಸಿ ಹೊರಟುಹೋದಳು.

ಅಮ್ಮ ಬಂದು ಅವಳ ಎಂಜಲು ತಟ್ಟೆ ಎತ್ತಿಕೊಂಡಳು. ಬಟ್ಟೆಯಿಂದ ಮೇಜು ಒರೆಸಿದಳು, ಅಗತ್ಯಕ್ಕಿಂತ ಜೋರಾಗಿ.

ಸಂಜೆ ಮನೆಯಲ್ಲಿ ಬಾಗಿಲು ಹಾಕಿದ ಮೇಲೆ ಮಾತು ಬಂತು.

"ಏನ್ ದೊಡ್ಡ ಸಾಧನೆ ಮಾಡ್ದೆ?"

"ಅಮ್ಮಾ..."

"ಅವರಿಗೆ ಬೇಕಾಗಿದ್ದು ಒಂದು ಗಳಿಗೆ ದಡ್ಡತನ. ಕೊಟ್ಟು ಎದ್ದು ಬಂದಿದ್ರೆ ನಿನ್ನ ಕ್ಲಾಸು ನಿನಗೆ ಬರ್ತಿತ್ತು. ನಾನು ದಿನಾ ಆಡ್ತಿಲ್ವಾ? ಅವರು ಏನೇನು ಮಾತಾಡ್ಕೊಂಡ್ರೂ ಕಿವಿ ಇಲ್ಲದೋಳ ಹಾಗೆ, ಕಣ್ಣಿಲ್ಲದೋಳ ಹಾಗೆ. ಹಾಗೆ ಆಡಿ ಆಡಿಯೇ ನಿನ್ನ ಓದಿಸಿದ್ದು."

"ನಿನ್ನ ಆಟ ಎಂದಾದ್ರೂ ಮುಗೀತಾ ಅಮ್ಮಾ?"

ಅಮ್ಮ ಒಲೆಯ ಕಡೆ ತಿರುಗಿದಳು. ಬೆನ್ನು ಬಾಗಿತ್ತು. ಮನೆಯಲ್ಲಿ ಒರೆಸಲು ಏನೂ ಇಲ್ಲದಾಗಲೂ ಅದು ಹಾಗೇ ಬಾಗಿರುತ್ತಿತ್ತು. ಅನ್ನಕ್ಕೆ ನೀರಿಟ್ಟಳು. ಇಬ್ಬರೂ ಒಂದೇ ಕೋಣೆಯಲ್ಲಿ, ಬೇರೆ ಬೇರೆ ಗೋಡೆಗೆ ಒರಗಿ ಉಂಡರು.

ಹೆಡ್‌ಮೇಡಂ ಅವಳನ್ನು ಬೈಯಲಿಲ್ಲ. "ಬಾಯಿದ್ದೋಳು ಬರಗಾಲದಲ್ಲೂ ಬದುಕ್ತಾಳೆ, ಬಿಡಮ್ಮಾ," ಎಂದರು. ಹತ್ತನೇ ತರಗತಿ ಬರಲಿಲ್ಲ. ಶಾಲೆಯ ಕೊನೆಯ ದಿನ ಗೇಟಿನ ಹತ್ತಿರ, ಈಗ ಪಿಯುಸಿ ಓದುತ್ತಿದ್ದ ಎರಡನೇ ಸಾಲಿನ ಆ ಹುಡುಗಿ ಸಿಕ್ಕಳು. ಸೈಕಲ್ ನಿಲ್ಲಿಸಿದಳು.

"ಮಿಸ್, ನೀವು ಅಲ್ಲಿ ಜಗಳ ಮಾಡಿದ್ರಂತೆ?"

"ಯಾರು ಹೇಳಿದ್ರು?"

"ಎಲ್ಲಾರೂ." ಹುಡುಗಿ ಬೆಲ್ಲಿನ ಮೇಲೆ ಬೆರಳಾಡಿಸಿದಳು. "ಇಂಗ್ಲಿಷ್‌ನಲ್ಲಿ ಮಾಡಿದ್ರಾ?"

"ಇಲ್ಲ ಕಣೇ."

"ಮಾಡಬೇಕಿತ್ತು ಮಿಸ್," ಎಂದು ಹೇಳಿ ಪೆಡಲ್ ತುಳಿದು ಹೋದಳು.

ಶಾಲೆ ಮತ್ತೆ ತೆರೆದಾಗ ಅವಳಿಗೆ ಕರೆ ಬರಲಿಲ್ಲ. ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಗಿರಾಕಿಗಳು ಬಿಚ್ಚಿಸಿ ನೋಡಿ ಬಿಟ್ಟುಹೋದ ಬಟ್ಟೆಗಳನ್ನು ಮಡಚಿಡಬೇಕು. ಅಲ್ಲಿಯೂ ದಿನವಿಡೀ ನಿಂತೇ ಇರಬೇಕು. ಕೂಗಬೇಕಾಗಿರಲಿಲ್ಲ. ಗಂಟಲು ವಾಸಿಯಾಯಿತು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಮಾತಾಡುತ್ತಿದ್ದುದು ಬಟ್ಟೆಯ ಅಳತೆ ಮಾತ್ರ.

ಆ ವರ್ಷವೂ ತರಬೇತಿ ನಡೆಯಿತು. ಆ ಸಂಜೆ ಅಮ್ಮ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು:

"ಇವತ್ತು ಚೀಟಿ ಎತ್ತಿದ್ರು ಕಣೇ."

"ಏನು ಚೀಟಿ?"

"ಕಡೇ ಬೆಂಚಿಗೆ. ಯಾರಿಗೂ ಬೇಜಾರಾಗಬಾರ್ದು ಅಂತ."

"ಯಾರಿಗೆ ಬಂತು?"

"ಆ ದಪ್ಪ ಪುಸ್ತಕದೋಳಿಗೆ." ಅಮ್ಮ ಗೋಡೆ ಹಿಡಿದುಕೊಂಡು ಕೂತಳು. "ತಲೆನೋವು ಅಂತ ಎದ್ದು ಹೋದ್ಲು. ಮತ್ತೆ ಎತ್ತಿದ್ರು. ಅವತ್ತು ತಪ್ಪೇ ಬರಲ್ಲ ಅಂದ ಆ ಮೇಷ್ಟ್ರಿಗೆ ಬಂತು, ಅವರಿಗೆ ಮನೆಯಿಂದ ಫೋನು ಬಂತಂತೆ. ಮೂರನೆಯವರು ಎತ್ತೋದಕ್ಕೇ ಒಪ್ಪಲಿಲ್ಲ."

"ಇದೆಲ್ಲ ನಿನಗೆ ಹೇಗೆ ಗೊತ್ತಾಯ್ತು?"

"ಬಾಗಿಲಲ್ಲೇ ನಿಂತಿದ್ದೆ. ಕಿವಿ ಇಲ್ಲದೋಳ ಹಾಗೆ."

ಮಾದರಿ ಪಾಠ ಆ ವರ್ಷ ನಡೆಯಲಿಲ್ಲ. ರಟ್ಟುಗಳನ್ನು ಬೇರೆ ಯಾವುದೋ ಶಾಲೆಯ ಅತಿಥಿ ಶಿಕ್ಷಕಿ ಕತ್ತರಿಸಿದ್ದಳು. ಉಳಿದವನ್ನು ಕಪಾಟಿನಲ್ಲಿ ಎತ್ತಿಟ್ಟರು. ಕಡೇ ಬೆಂಚಿನದು ನೆಲದ ಮೇಲೆ ಬಿದ್ದಿತ್ತು. ಸಂಜೆ ಅಮ್ಮ ಅದನ್ನು ಕಸದ ಜೊತೆ ಗುಡಿಸಿ ಹಾಕಿದ್ದಳು.